ಸೋಡಾ ಗ್ಲಾಸಿನ ಕೆಳಗಿನ ಅರ್ಧ

ಒಳ್ಳೆಯ ಬಿಸಿಲು. ಮರಗಳ ನೆರಳು, ನಡುವೆ ಕಾಲುದಾರಿ, ಅದರಾಚೆಗೆ ಕೆರೆ. ಆ ದಾರಿಯಲ್ಲಿ ಇಬ್ಬರು ನಾವಿಕರು ನಡೆದು ಬರುತ್ತಾರೆ. ಒಬ್ಬನದು ತುಂಬಿದ ಮೈ, ಎದೆ ಮುಂದೆ ಮಾಡಿದ ನಡಿಗೆ, ಊರೇ ತನ್ನನ್ನು ನೋಡುತ್ತಿದೆ ಎಂಬ ಗತ್ತು. ಇನ್ನೊಬ್ಬ ಸಣಕಲು. ಅವನು ಹೆಜ್ಜೆ ಎತ್ತಿಡುವುದರಲ್ಲೇ ಒಂದು ಅನುಮಾನ ಇದೆ, ನೆಲ ಇರಬೇಕಾದ ಜಾಗದಲ್ಲೇ ಇದೆಯೋ ಇಲ್ಲವೋ ಎಂಬಂತೆ. ಹಡಗಿನಿಂದ ಇಳಿದವರಿಗೆ ಬಿಡುವು ಸಿಕ್ಕಿದೆ. ಮುಖದಲ್ಲಿ ಹಬ್ಬ. ಇಬ್ಬರಿಗೂ ಸೇರಿ ಜೇಬಿನಲ್ಲಿರುವುದು 15 ಸೆಂಟ್.

ಇದು 1929ರ ಜೂನ್ 29ರಂದು ಬಿಡುಗಡೆಯಾದ 'ಮೆನ್ ಓ ವಾರ್'. ಎರಡು ರೀಲು, 20 ನಿಮಿಷ. ಸ್ಟಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ ಬಾಯಿ ತೆರೆದು ಮಾತಾಡಿದ ಮೂರನೆಯ ಚಿತ್ರ. ಹಾಯಿಹಡಗಿನ ಕಾಲದಿಂದಲೂ ಇಂಗ್ಲಿಷರು ತೋಪು ಹೊತ್ತ ಯುದ್ಧನೌಕೆಯನ್ನು 'ಮ್ಯಾನ್ ಆಫ್ ವಾರ್' ಎಂದು ಕರೆಯುತ್ತಿದ್ದರು. ಆ ಭಾರಿ ಹೆಸರನ್ನು ಹೊತ್ತ ಚಿತ್ರದಲ್ಲಿ ಕದನವೆಲ್ಲ ನಡೆಯುವುದು ಉದ್ಯಾನದ ಕೆರೆಯಲ್ಲಿ, ಬಾಡಿಗೆ ದೋಣಿಯ ಮೇಲೆ.

ಆ ಕೆರೆ ಇರುವುದು ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಬಡಾವಣೆಯ ಹಾಲೆನ್‌ಬೆಕ್ ಉದ್ಯಾನದಲ್ಲಿ. 1892ರಲ್ಲಿ ಮಾಜಿ ಮೇಯರ್ ವಿಲಿಯಂ ವರ್ಕ್‌ಮನ್ ಮತ್ತು ಎಲಿಜಬೆತ್ ಹಾಲೆನ್‌ಬೆಕ್ ಇಬ್ಬರೂ ಸೇರಿ ನಗರಕ್ಕೆ ಬಿಟ್ಟುಕೊಟ್ಟ ಜಾಗ ಅದು. ಇಪ್ಪತ್ತರ ದಶಕದಲ್ಲಿ ಅದರ ಸುತ್ತ ಯಹೂದ್ಯರು, ಮೆಕ್ಸಿಕನ್ನರು, ಜಪಾನಿಯರು, ರಷ್ಯದಿಂದ ಬಂದವರು ಪಕ್ಕಪಕ್ಕದ ಮನೆಗಳಲ್ಲಿ ಬದುಕುತ್ತಿದ್ದರು. ಭಾನುವಾರ ಬಂತೆಂದರೆ ಕೆರೆಯ ದಡಕ್ಕೆ ಬರುತ್ತಿದ್ದವರು ಅವರೇ. ನಾವಿಕರು ಬರುವುದೂ ಅಲ್ಲಿಯವರಿಗೆ ಹೊಸದಲ್ಲ. ಅಮೆರಿಕದ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು ಆಗ ಸ್ಯಾನ್ ಪೆಡ್ರೊ ಬಂದರಿನಲ್ಲಿ ಲಂಗರು ಹಾಕುತ್ತಿದ್ದವು. ರಜೆ ಸಿಕ್ಕ ಹುಡುಗರು ಕೆಂಪು ಬಣ್ಣದ ವಿದ್ಯುತ್ ರೈಲು ಹತ್ತಿ ನಗರಕ್ಕೆ ಬರುತ್ತಿದ್ದರು. ಬೆನ್ನ ಮೇಲೆ ಬೀಳುವ ಚೌಕದ ಕಾಲರ್, ಪಾದದ ಹತ್ತಿರ ಅಗಲವಾಗುವ ಪ್ಯಾಂಟು, ಕೈಯಲ್ಲಿ ಮಾಡಲು ಕೆಲಸವಿಲ್ಲದ ಒಂದು ಮಧ್ಯಾಹ್ನ: ನೋಡುವವರಿಗೆ ಇದು ದಿನಾ ಕಾಣುವ ಚಿತ್ರವಾಗಿತ್ತು. ಲಾರೆಲ್ ಮತ್ತು ಹಾರ್ಡಿ ಅದಕ್ಕೂ ಹಿಂದಿನ ವರ್ಷ 'ಟೂ ಟಾರ್ಸ್' ಎಂಬ ಮೂಕಿ ಚಿತ್ರದಲ್ಲಿ ಇದೇ ಉಡುಪು ತೊಟ್ಟು ಇಡೀ ಹೆದ್ದಾರಿಯ ಕಾರುಗಳನ್ನು ಪುಡಿ ಮಾಡಿಸಿದ್ದರು.

ನಾನು ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಅದರೊಳಗೆ ಏನು ನಡೆಯುತ್ತಿದೆ ಎಂದು ಸರಿಯಾಗಿ ತಿಳಿದದ್ದು ಎರಡು ರಾತ್ರಿ ಎರಡು ರೀತಿ ನೋಡಿದಾಗ. ಮೊದಲ ರಾತ್ರಿ ದನಿಯನ್ನು ಪೂರ್ತಿ ಮುಚ್ಚಿ ನೋಡಿದೆ. ಎರಡನೆಯ ರಾತ್ರಿ ಕಣ್ಣು ಮುಚ್ಚಿ ಕೇಳಿದೆ.

ದನಿ ಮುಚ್ಚಿದಾಗ ಮೊದಲ ಭಾಗ ಸತ್ತೇ ಹೋಯಿತು. ಇಬ್ಬರು ಹುಡುಗಿಯರು, ಇಬ್ಬರು ನಾವಿಕರು, ಎದುರು ಬದುರು ನಿಂತು ಸುಮ್ಮನೆ ತುಟಿ ಆಡಿಸುತ್ತಾರೆ. ಕಣ್ಣು ಮುಚ್ಚಿ ಕೇಳಿದಾಗ ಅದೇ ಭಾಗ ಪೂರ್ತಿ ಜೀವಂತ.

ಸಂಗತಿ ಇಷ್ಟು. ಒಗೆದ ಬಟ್ಟೆಯ ಬುಟ್ಟಿಯಿಂದ ಹೆಂಗಸರ ಒಳಚಡ್ಡಿಯೊಂದು ದಾರಿಗೆ ಜಾರಿ ಬಿದ್ದಿದೆ. ಅದು ನಾವಿಕರ ಕೈಗೆ ಸಿಕ್ಕಿದೆ. ಅದೇ ಹೊತ್ತಿಗೆ ಅಲ್ಲಿ ಓಡಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ಕೈಗವಸು ಕಳೆದುಕೊಂಡಿದ್ದಾಳೆ. ಏನೋ ಕಳೆದುಕೊಂಡಂತಿದೆಯಲ್ಲ ಎಂದು ಆಲಿ ವಿನಯದಿಂದ ಕೇಳುತ್ತಾನೆ. ಹೌದು ಎನ್ನುತ್ತಾಳೆ. ಬಣ್ಣ ಯಾವುದು? ಬಿಳಿ. ಅವಳು ಒಂದೊಂದೇ ಗುರುತು ಹೇಳುತ್ತಾ ಹೋಗುತ್ತಾಳೆ, ಹೇಳಿದ್ದೆಲ್ಲ ಒಳಚಡ್ಡಿಗೂ ಸರಿಹೊಂದುತ್ತದೆ. ಅದಿಲ್ಲದೆ ತನಗೆ ಹೇಗಾಗುತ್ತಿದೆಯೋ ನೀವೇ ಊಹಿಸಿ ಎನ್ನುತ್ತಾಳೆ ಪಾಪ. ಸದ್ಯ, ಬೆಚ್ಚನೆಯ ಹವೆ ಇದೆಯಲ್ಲ ಎಂದು ನಾವಿಕರು ಸಮಾಧಾನ ಮಾಡಿಕೊಳ್ಳುತ್ತಾರೆ. ಇಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಹುಡುಗಿಯ ದನಿಯಲ್ಲಿ ಸಂಕೋಚವಿಲ್ಲ, ಯಾಕೆಂದರೆ ಅವಳ ಮನಸ್ಸಿನಲ್ಲಿರುವುದು ಕೈಗವಸು. ಆಲಿಯ ದನಿಯಲ್ಲಿ ಮಾತ್ರ ನಾಚಿಕೆ ಏರುತ್ತಾ ಹೋಗುತ್ತದೆ. ಆ ಏರಿಳಿತವೇ ಇಡೀ ತಮಾಷೆ. ಒಂದೇ ವಾಕ್ಯ ಎರಡು ಗಂಟಲಿನಲ್ಲಿ ಎರಡು ವಸ್ತುವಾಗುತ್ತದೆ. ಕೊನೆಗೆ ಪೊಲೀಸಪ್ಪ ಬಂದು ನಿಜವಾದ ಕೈಗವಸನ್ನು ಅವಳ ಕೈಗಿಡುತ್ತಾನೆ. ಆ ಪೊಲೀಸ್ ಪಾತ್ರ ಹ್ಯಾರಿ ಬರ್ನಾರ್ಡ್‌ನದು. ಹುಡುಗಿಯರು ಆನ್ ಕಾರ್ನ್‌ವಾಲ್ ಮತ್ತು ಗ್ಲೋರಿಯಾ ಗ್ರೀರ್. ಆನ್ ಎರಡೇ ವರ್ಷದ ಹಿಂದೆ ಬಸ್ಟರ್ ಕೀಟನ್‌ನ 'ಕಾಲೇಜ್' ಚಿತ್ರದ ನಾಯಕಿಯಾಗಿದ್ದವಳು.

ಈ ಮಾತುಕತೆ ನಡೆಯುವುದು ಬಯಲಿನಲ್ಲಿ. 1929ರ ಮೇ ತಿಂಗಳಿನಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ. ಮಾತಿನ ಚಿತ್ರ ಬಂದ ಹೊಸದರಲ್ಲಿ ಕ್ಯಾಮೆರಾದ ಗಿರಗಿರ ಶಬ್ದ ಮೈಕಿಗೆ ಬೀಳದಿರಲಿ ಎಂದು ಕ್ಯಾಮೆರಾವನ್ನೂ ಅದನ್ನು ನಡೆಸುವವನನ್ನೂ ಗಾಳಿಯಾಡದ ಗೂಡಿನೊಳಗೆ ಕೂಡಿಹಾಕುತ್ತಿದ್ದರು. ನಟರು ಮೈಕಿನ ಹತ್ತಿರವೇ ನಿಲ್ಲಬೇಕು, ಅಲುಗಾಡಬಾರದು. ಮೂಕಿಯಲ್ಲಿ ಊರೆಲ್ಲ ಓಡಾಡಿದ ಹಾಸ್ಯನಟರಿಗೆ ಇದು ಕಾಲಿಗೆ ಕಟ್ಟಿದ ಗುಂಡುಕಲ್ಲು. ಅಂಥ ಹೊತ್ತಿನಲ್ಲಿ ಹಾಲ್ ರೋಚ್ ಸ್ಟುಡಿಯೋದವರು ಕಲ್ವರ್ ಸಿಟಿಯ ತಮ್ಮ ನಾಲ್ಕು ಗೋಡೆ ಬಿಟ್ಟು, ಉಪಕರಣ ಹೇರಿಕೊಂಡು, ಕೆರೆಯ ದಡಕ್ಕೆ ಬಂದರು. ನಿರ್ದೇಶಕ ಲೂಯಿಸ್ ಫಾಸ್ಟರ್. ಹತ್ತು ವರ್ಷ ಕಳೆದ ಮೇಲೆ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಚಿತ್ರದ ಕಥೆಗೆ ಆಸ್ಕರ್ ಪಡೆದವನು ಈತನೇ. ಕ್ಯಾಮೆರಾದ ಹಿಂದೆ ಇದ್ದವರಲ್ಲಿ ಜಾರ್ಜ್ ಸ್ಟೀವನ್ಸ್ ಒಬ್ಬ, ಮುಂದೆ 'ಶೇನ್' ಮತ್ತು 'ಜೈಂಟ್' ಚಿತ್ರಗಳನ್ನು ನಿರ್ದೇಶಿಸಿದಾತ.

ದನಿಯ ಯಂತ್ರ ಒದಗಿಸಿದ್ದು ವಿಕ್ಟರ್ ಕಂಪನಿ. ಗ್ರಾಮಫೋನಿನ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ನಮ್ಮ ಹಿರಿಯರ ಮನೆಗಳ ಪ್ಲೇಟುಗಳ ಮೇಲೆ ಇರುತ್ತಿತ್ತಲ್ಲ, ಅಮೆರಿಕದಲ್ಲಿ ಆ ನಾಯಿ ವಿಕ್ಟರಿನದು. ಆಗ ಟಾಕೀಸಿನಲ್ಲಿ ದನಿ ಬರುತ್ತಿದ್ದದ್ದೂ ಹಲವು ಕಡೆ ಪ್ಲೇಟಿನಿಂದಲೇ. 16 ಅಂಗುಲದ ದೊಡ್ಡ ತಟ್ಟೆ, ನಿಮಿಷಕ್ಕೆ 33⅓ ಸುತ್ತು, ಮುಳ್ಳು ನಡುವಿನಿಂದ ಹೊರಟು ಅಂಚಿಗೆ ಬರುತ್ತದೆ. ಒಂದು ರೀಲಿಗೆ ಒಂದು ತಟ್ಟೆ. ಮುಳ್ಳು ಒಮ್ಮೆ ಹಾರಿದರೆ ಹುಡುಗಿಯ ತುಟಿಯಿಂದ ಹಾರ್ಡಿಯ ದನಿ ಹೊರಡುವ ಅಪಾಯ. ಪ್ರೊಜೆಕ್ಟರ್ ನಡೆಸುವವನು ಒಂದು ಕಣ್ಣು ತೆರೆಯ ಮೇಲೆ, ಇನ್ನೊಂದು ತಟ್ಟೆಯ ಮೇಲೆ ಇಟ್ಟು ಕೆಲಸ ಮಾಡಬೇಕಿತ್ತು. ನಮ್ಮಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತೆರೆ ಕಾಣಲು ಆಗ ಇನ್ನೂ ಐದು ವರ್ಷ ಹತ್ತಿರ ಹತ್ತಿರ ಬಾಕಿ ಇತ್ತು.

ಈಗ ಸೋಡಾ ಅಂಗಡಿಗೆ ಬರೋಣ. ಈ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡುವುದು ಇದಕ್ಕಾಗಿ.

ಹುಡುಗಿಯರನ್ನು ಕರೆದುಕೊಂಡು ಇಬ್ಬರೂ ಕೌಂಟರಿನ ಮುಂದೆ ಬರುತ್ತಾರೆ. ಹೆಂಡ ಸಾರಾಯಿಯ ಮಾತೇ ಇಲ್ಲ. 1920ರಿಂದ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು, ಅದು ತೆರವಾಗಲು 1933 ಬರಬೇಕಾಯಿತು. ರಜೆಯ ಮೇಲೆ ಬಂದ ನಾವಿಕ ಹುಡುಗಿಗೆ ಸೋಡಾ ಕುಡಿಸುವುದು ಹಾಗಾಗಿ ಆ ಕಾಲಕ್ಕೆ ಸಹಜ ಉಪಚಾರ. ಕೌಂಟರಿನ ಆಚೆ ಜೇಮ್ಸ್ ಫಿನ್‌ಲೇಸನ್ ನಿಂತಿದ್ದಾನೆ. ಸ್ಕಾಟ್ಲೆಂಡಿನವನು. ಬೋಳು ತಲೆ, ಅಂಟಿಸಿದ ದಪ್ಪ ಮೀಸೆ, ಒಂದು ಕಣ್ಣು ಕಿರಿದು ಮಾಡಿ ಇನ್ನೊಂದನ್ನು ಅರಳಿಸಿ ನೋಡುವ ನೋಟ. ಆ ನೋಟವೊಂದರಿಂದಲೇ ಅವನು ಗಿರಾಕಿಯ ಜೇಬಿನಲ್ಲಿ ಎಷ್ಟಿದೆ ಎಂದು ಅಳೆದುಬಿಡುತ್ತಾನೆ.

ಒಂದು ಸೋಡಾಕ್ಕೆ 5 ಸೆಂಟ್ ಎಂಬುದು ಆಲಿಯ ಲೆಕ್ಕ. ಜೇಬಿನಲ್ಲಿ 15. ಮೂರು ಗ್ಲಾಸು ಬರುತ್ತದೆ, ಜನ ನಾಲ್ಕು. ಆಲಿ ಸ್ಟಾನ್‌ನನ್ನು ಪಕ್ಕಕ್ಕೆ ಕರೆದು ಲೆಕ್ಕ ಬಿಡಿಸಿ ಹೇಳುತ್ತಾನೆ: ನಾನು ನಿನ್ನನ್ನೂ ಕೇಳುತ್ತೇನೆ, ನೀನು ಬೇಡ ಎನ್ನಬೇಕು. ಸ್ಟಾನ್ ತಲೆಯಾಡಿಸುತ್ತಾನೆ. ಪೂರ್ತಿ ತಿಳಿದ ಮುಖ. ಇಬ್ಬರೂ ತಿರುಗಿ ಬರುತ್ತಾರೆ. ಆಲಿಯ ದನಿ ಈಗ ಬೆಣ್ಣೆ. ಹುಡುಗಿಗೊಂದು ಸೋಡಾ, ಇನ್ನೊಬ್ಬಳಿಗೊಂದು ಸೋಡಾ, ತನಗೊಂದು ಸೋಡಾ. ಆಮೇಲೆ ಗೆಳೆಯನ ಕಡೆ ತಿರುಗಿ, ಬಲು ಪ್ರೀತಿಯಿಂದ, ನಿನಗೇನಪ್ಪಾ ಬೇಕು ಎಂದು ಕೇಳುತ್ತಾನೆ.

ಸೋಡಾ ಎನ್ನುತ್ತಾನೆ ಸ್ಟಾನ್.

ಮತ್ತೆ ಪಕ್ಕಕ್ಕೆ. ಈಗ ದನಿಯಲ್ಲಿ ಬೆಣ್ಣೆ ಇಲ್ಲ, ಹಲ್ಲುಗಳ ನಡುವೆ ಹಿಡಿದ ಸಿಟ್ಟಿದೆ. ಮತ್ತೆ ಅದೇ ಪಾಠ. ಮತ್ತೆ ಅದೇ ತಲೆಯಾಟ. ಮತ್ತೆ ಕೌಂಟರು, ಮತ್ತೆ ಅದೇ ಪ್ರೀತಿಯ ಪ್ರಶ್ನೆ. ಮತ್ತೆ ಸೋಡಾ.

ಇದನ್ನು ಬರೆದರೆ ಇಷ್ಟೇ ಆಗುತ್ತದೆ. ಕೇಳಿದರೆ ಬೇರೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಸ್ಟಾನ್ ಒಂದು ಸಣ್ಣ ಬಿಡುವು ಇಡುತ್ತಾನೆ. ಆ ಬಿಡುವಿನಲ್ಲಿ ಅವನು ಯೋಚಿಸುತ್ತಿದ್ದಾನೆ. ನಿಜವಾಗಿಯೂ ಯೋಚಿಸುತ್ತಿದ್ದಾನೆ, ಹೇಳಿಕೊಟ್ಟ ಪಾಠವನ್ನು ಅಲ್ಲ, ತನಗೆ ಏನು ಇಷ್ಟ ಎಂಬುದನ್ನು. ಇಷ್ಟು ಪ್ರೀತಿಯಿಂದ ಕೇಳಿದವನಿಗೆ ನಿಜ ಹೇಳಬೇಕಲ್ಲವೇ? ಅವನ ಉತ್ತರದಲ್ಲಿ ಹಟವಿಲ್ಲ, ದುರಾಸೆಯಿಲ್ಲ. ಮನೆಗೆ ಬಂದ ನೆಂಟರು ಹೋಳಿಗೆ ಬೇಕಾ ಮಗು ಎಂದಾಗ ಅಮ್ಮ ಹೇಳಿಕೊಟ್ಟದ್ದೆಲ್ಲ ಮರೆತು ಹೂಂ ಎನ್ನುವ ಮಗುವಿನ ಪ್ರಾಮಾಣಿಕತೆ ಅದು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ನಡೆದಿಲ್ಲ ಈ ದೃಶ್ಯ.

ಇದೇ ಸೋಡಾ ಪ್ರಸಂಗವನ್ನು ಅವರು 1928ರ 'ಶುಡ್ ಮ್ಯಾರೀಡ್ ಮೆನ್ ಗೋ ಹೋಮ್?' ಎಂಬ ಮೂಕಿಯಲ್ಲಿ ಒಮ್ಮೆ ಮಾಡಿದ್ದರು. ಅಲ್ಲೂ ನಗು ಬರುತ್ತದೆ. ಆದರೆ ಅಲ್ಲಿ ಮಾತು ಬರಬೇಕಾದ ಕ್ಷಣಕ್ಕೆ ತೆರೆಯ ಮೇಲೆ ಅಕ್ಷರದ ಫಲಕ ಬಂದು ಮುಖವನ್ನು ಮುಚ್ಚಿಬಿಡುತ್ತದೆ. ನಾವು ಓದುತ್ತಿರುವ ಹೊತ್ತಿಗೆ ಮುಖದಲ್ಲಿ ನಡೆಯಬೇಕಾದದ್ದು ನಡೆದು ಮುಗಿದಿರುತ್ತದೆ. ಮಾತು ಬಂದ ಮೇಲೆ ಫಲಕ ಹೋಯಿತು, ಮುಖ ಉಳಿಯಿತು. ಆ ಮುಖದ ಮೇಲೆ ಮೌನ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನಟನ ಕೈಗೆ ಬಂತು. ಹಾಲಿವುಡ್ಡಿನಲ್ಲಿ ಬೇರೆಯವರೆಲ್ಲ ಹೊಸ ಮೈಕಿನ ಮುಂದೆ ಬಿಡುವಿಲ್ಲದೆ ಮಾತಾಡುತ್ತಿದ್ದ ವರ್ಷದಲ್ಲಿ ಈ ಇಬ್ಬರು ಮೈಕಿನ ಮುಂದೆ ಸುಮ್ಮನಿರುವುದನ್ನು ಕಲಿತರು. ದನಿ ಮುಚ್ಚಿ ನೋಡಿದ ರಾತ್ರಿ ಸೋಡಾ ದೃಶ್ಯ ಅರ್ಧ ಬದುಕಿತ್ತು, ಕಣ್ಣು ಮುಚ್ಚಿದ ರಾತ್ರಿಯೂ ಅರ್ಧ ಬದುಕಿತ್ತು. ಅದಕ್ಕೆ ಎರಡೂ ಬೇಕು. ಮೂಕಿಯೂ ಮಾತೂ ಹೀಗೆ ಒಂದೇ ಗ್ಲಾಸಿನಲ್ಲಿ ಬೆರೆತ ದೃಶ್ಯ ಆ ವರ್ಷದ ಬೇರೆ ಯಾವ ಹಾಸ್ಯಚಿತ್ರದಲ್ಲೂ ನನಗೆ ಇಷ್ಟು ಹಿಡಿಸಿಲ್ಲ.

ಕೊನೆಗೆ ಒಂದು ಗ್ಲಾಸನ್ನು ಇಬ್ಬರೂ ಹಂಚಿಕೊಳ್ಳಬೇಕೆಂದು ಒಪ್ಪಂದವಾಗುತ್ತದೆ. ಆಲಿ ದೊಡ್ಡ ಮನಸ್ಸು ಮಾಡಿ ಸ್ಟಾನ್‌ಗೆ ಮೊದಲು ಕೊಡುತ್ತಾನೆ. ಸ್ಟಾನ್ ಕುಡಿಯುತ್ತಾನೆ. ಕುಡಿಯುತ್ತಲೇ ಇರುತ್ತಾನೆ. ಗ್ಲಾಸು ಬರಿದಾಗುವುದನ್ನು ಆಲಿ ನೋಡುತ್ತಾನೆ, ಆಮೇಲೆ ನಮ್ಮ ಕಡೆ ನೋಡುತ್ತಾನೆ. ಹಾರ್ಡಿ ಕ್ಯಾಮೆರಾದತ್ತ ತಿರುಗಿ ನೋಡುವ ಆ ನೋಟ ನೆರೆಮನೆಯವರನ್ನು ಸಾಕ್ಷಿಗೆ ಕರೆದಂತಿರುತ್ತದೆ. ಏನು ಮಾಡಿಬಿಟ್ಟೆ ಗೊತ್ತಾ, ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾನೆ. ಸ್ಟಾನ್‌ನ ಮುಖ ಮುದುಡುತ್ತದೆ, ದನಿ ಕೀಚಲಾಗುತ್ತದೆ, ಅಳು ಬರುತ್ತದೆ. ತಾನೇನು ಮಾಡಲಿ, ತನ್ನ ಪಾಲಿನ ಅರ್ಧ ಕೆಳಗಡೆ ಇತ್ತು ಎನ್ನುತ್ತಾನೆ.

ಎಷ್ಟು ಸಲ ಕೇಳಿದರೂ ಈ ಉತ್ತರದಲ್ಲಿ ತಪ್ಪು ಹುಡುಕಲು ನನಗೆ ಆಗಿಲ್ಲ. ಹಂಚಿಕೊಳ್ಳಿ ಎಂದರೇ ಹೊರತು ಮೇಲಿನದು ಯಾರಿಗೆ, ಕೆಳಗಿನದು ಯಾರಿಗೆ ಎಂದು ಯಾರೂ ಹೇಳಿರಲಿಲ್ಲ. ಕೆಳಗಿನ ಪಾಲಿನವನು ತನ್ನದನ್ನು ಮುಟ್ಟಬೇಕಾದರೆ ಮೇಲಿನದನ್ನು ದಾಟಲೇಬೇಕು.

ಅವರ ದನಿಗಳ ಬಗ್ಗೆ ಒಂದು ಮಾತು. ಲಾರೆಲ್ ಇಂಗ್ಲೆಂಡಿನ ಲ್ಯಾಂಕಾಶೈರಿನ ಅಲ್ವರ್‌ಸ್ಟನ್‌ನಲ್ಲಿ 1890ರಲ್ಲಿ ಹುಟ್ಟಿದವನು, ಫ್ರೆಡ್ ಕಾರ್ನೊನ ನಾಟಕ ತಂಡದ ಜೊತೆ ಅಮೆರಿಕಕ್ಕೆ ಬಂದವನು. ಅದೇ ತಂಡದಲ್ಲಿದ್ದ ಚಾಪ್ಲಿನ್‌ಗೆ ಬದಲಿ ಪಾತ್ರಧಾರಿಯಾಗಿದ್ದವನು. ಹಾರ್ಡಿ ಜಾರ್ಜಿಯಾದ ಹಾರ್ಲೆಮ್ ಎಂಬ ಸಣ್ಣ ಊರಿನವನು, ಚಿಕ್ಕಂದಿನಿಂದ ಹಾಡಿಕೊಂಡಿದ್ದವನು. ಒಬ್ಬನದು ಉತ್ತರ ಇಂಗ್ಲೆಂಡಿನ ಚಪ್ಪಟೆ ಉಚ್ಚಾರ, ಇನ್ನೊಬ್ಬನದು ಅಮೆರಿಕದ ದಕ್ಷಿಣದ ಮೆದು ಮರ್ಯಾದೆ. ಮೂಕಿಯ ಕಾಲದಲ್ಲಿ ಪ್ರೇಕ್ಷಕರು ಆ ಮುಖಗಳಿಗೆ ಮನಸ್ಸಿನಲ್ಲೇ ದನಿ ಕಟ್ಟಿಕೊಂಡಿದ್ದರು. ನಿಜವಾದ ದನಿ ಕೇಳಿಸಿದ ದಿನ ಎಷ್ಟೋ ತಾರೆಯರ ಬದುಕು ಮುಗಿಯಿತು. ಇವರದು ಮಾತ್ರ ಕೇಳಿದವರಿಗೆ ಮೊದಲೇ ಪರಿಚಯವಿದ್ದಂತೆ ಕೇಳಿಸಿತು. ಕೋಗಿಲೆ ಕೂಗಿದಂಥ ಆ ಪ್ರಸಿದ್ಧ ರಾಗ ಇನ್ನೂ ಇವರ ಬೆನ್ನಿಗೆ ಸೇರಿರಲಿಲ್ಲ, ಅದು ಬಂದದ್ದು 1930ರಲ್ಲಿ. 1957ರಲ್ಲಿ ಹಾರ್ಡಿ ತೀರಿಕೊಂಡ ಮೇಲೆ ಲಾರೆಲ್ ಮತ್ತೆ ನಟಿಸಲಿಲ್ಲ. ಆದರೆ ಇಬ್ಬರಿಗೂ ಒಪ್ಪುವ ಪ್ರಸಂಗಗಳನ್ನು ಬರೆಯುವುದನ್ನು ಬಿಡಲಿಲ್ಲ. ಪ್ರಶ್ನೆ ಕೇಳುವವನು ಇಲ್ಲದೆ ಉತ್ತರಗಳನ್ನು ಬರೆಯುತ್ತಾ ಕೂತ ಆ ಮುದುಕನನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಅಂಗಡಿಯಲ್ಲಿ ಬಿಲ್ಲು ಮಾತ್ರ ಆಲಿಯ ಲೆಕ್ಕ ಮೀರಿ 30 ಸೆಂಟ್ ಬರುತ್ತದೆ. ಆಲಿ ಅದನ್ನು ಸ್ಟಾನ್‌ನ ಕೈಗೆ ತುರುಕುತ್ತಾನೆ, ಈಗ ನೀನೇ ಅನುಭವಿಸು ಎಂಬಂತೆ. ಸ್ಟಾನ್ ಹೋಗಿ ಅಲ್ಲೇ ಇದ್ದ ಜೂಜಿನ ಯಂತ್ರಕ್ಕೆ ಒಂದು ನಾಣ್ಯ ಹಾಕಿ ಹಿಡಿ ಎಳೆಯುತ್ತಾನೆ. ಆಲಿಯ ಎದೆ ಒಡೆಯುವ ಹೊತ್ತಿಗೆ ಯಂತ್ರದ ಬಾಯಿಂದ ನಾಣ್ಯಗಳು ಬಳಬಳನೆ ಸುರಿಯುತ್ತವೆ. 1929ರ ಜೂನ್ ತಿಂಗಳದು. ಅಮೆರಿಕದಲ್ಲಿ ಆಗ ಷೇರು ಪೇಟೆಗೆ ದುಡ್ಡು ಹಾಕಿದವರೆಲ್ಲ ಇದೇ ಬಳಬಳಕ್ಕೆ ಕಿವಿಗೊಟ್ಟು ಕೂತಿದ್ದರು. ಅಕ್ಟೋಬರ್ ಕೊನೆಗೆ ವಾಲ್ ಸ್ಟ್ರೀಟ್ ಕುಸಿಯಿತು.

ದುಡ್ಡು ಬಂತು, ದೋಣಿ ಬಾಡಿಗೆಗೆ ಬಂತು. ನಾವಿಕರಿಬ್ಬರೂ ಹುಡುಗಿಯರನ್ನು ಕೂರಿಸಿಕೊಂಡು ನೀರಿಗಿಳಿದರು. ಹಡಗಿನಲ್ಲಿ ಬದುಕುವವರಿಗೆ ಹುಟ್ಟು ಹಾಕುವುದು ಬರುವುದಿಲ್ಲ. ಒಬ್ಬ ಒಂದು ಕಡೆಗೆ ಎಳೆದರೆ ಇನ್ನೊಬ್ಬ ಅದಕ್ಕೆ ವಿರುದ್ಧ, ದೋಣಿ ಇದ್ದಲ್ಲೇ ಗಿರಿಗಿಟ್ಲೆ. ಸುತ್ತ ಬೇರೆ ದೋಣಿಗಳು ತಮ್ಮ ಪಾಡಿಗೆ ತೇಲುತ್ತಿವೆ. ಅವುಗಳಲ್ಲೊಂದರಲ್ಲಿ ಚಾರ್ಲಿ ಹಾಲ್ ಇದ್ದಾನೆ, ಗಿಡ್ಡ ಆಳು, ಲಾರೆಲ್ ಹಾರ್ಡಿ ಚಿತ್ರಗಳ ಕಾಯಂ ಜಗಳಗಂಟ. ದೋಣಿಗೆ ದೋಣಿ ತಾಗುತ್ತದೆ. ಒಬ್ಬರ ಮೇಲೆ ನೀರು ಬೀಳುತ್ತದೆ. ಕೂರಲು ಹಾಕಿದ್ದ ದಿಂಬು ಒಂದು ತಲೆಗೆ ಬೀಳುತ್ತದೆ.

ಇಲ್ಲಿ ಮಾತು ಹಿಂದೆ ಸರಿಯುತ್ತದೆ, ಹಳೆಯ ಮೂಕಿ ಎದ್ದು ಬರುತ್ತದೆ. ಇವರ ಜಗಳಕ್ಕೆ ಒಂದು ಶಿಸ್ತಿದೆ. ಒಬ್ಬ ಹೊಡೆಯುವಾಗ ಇನ್ನೊಬ್ಬ ತಡೆಯುವುದಿಲ್ಲ. ನಿಂತು ನೋಡುತ್ತಾನೆ, ಏನಾಯಿತೆಂದು ಮನಸ್ಸಿನಲ್ಲೇ ತೂಗುತ್ತಾನೆ, ತನ್ನ ಸರದಿಗೆ ಕಾದು ಅಳತೆ ಮಾಡಿ ತಿರುಗಿಸುತ್ತಾನೆ. ದನಿ ಮುಚ್ಚಿ ನೋಡಿದ ರಾತ್ರಿ ಈ ಭಾಗ ಎಲ್ಲಕ್ಕಿಂತ ಚೆಂದ ಕಂಡಿತು. ಬಿಸಿಲು ನೀರಿನ ಮೇಲೆ ಚೂರಾಗುತ್ತಿತ್ತು, ದಿಂಬುಗಳು ಏಳುತ್ತಾ ಬೀಳುತ್ತಾ ಇದ್ದವು. ಕಣ್ಣು ಮುಚ್ಚಿದಾಗ ಬರೀ ನೀರಿನ ಸದ್ದು, ಕೂಗಾಟ, ಸೀಟಿ. ಕಥೆ ಎಲ್ಲೋ ಕಳೆದುಹೋಯಿತು. ಆದರೂ ಆ ನೀರಿನ ಸದ್ದು ನನಗೆ ಬೇಕು. ಮೂಕಿಯಲ್ಲಿ ನೀರು ಎಷ್ಟೇ ಚಿಮ್ಮಿದರೂ ಒದ್ದೆಯಾಗಿರುತ್ತಿರಲಿಲ್ಲ.

ನೀರಿಗೆ ಬಿದ್ದವರೆಲ್ಲ ಒಬ್ಬೊಬ್ಬರಾಗಿ ನಾವಿಕರ ದೋಣಿಗೇ ಹತ್ತುತ್ತಾರೆ. ಜಗಳ ನಿಲ್ಲುವುದಿಲ್ಲ, ಜಾಗ ಮಾತ್ರ ಇಕ್ಕಟ್ಟಾಗುತ್ತದೆ. ಆ ಭಾರಕ್ಕೆ ದೋಣಿ ಎಲ್ಲರನ್ನೂ ಹೊತ್ತುಕೊಂಡು ಮುಳುಗುತ್ತದೆ.

ಹಾಲೆನ್‌ಬೆಕ್ ಕೆರೆ ಈಗಲೂ ಇದೆ. ಮರಗಳೂ ಇವೆ. 1960ರ ಸುಮಾರಿಗೆ ಗೋಲ್ಡನ್ ಸ್ಟೇಟ್ ಫ್ರೀವೇ ಬಂದು ಉದ್ಯಾನದ ಪಶ್ಚಿಮದ ಅಂಚನ್ನು ಹಾದು ಹೋಯಿತು. ಹಗಲು ರಾತ್ರಿ ಲಾರಿ ಕಾರುಗಳ ಮೊರೆತ ನೀರಿನ ಮೇಲೆ ಹರಡಿರುತ್ತದೆ. ಇವತ್ತು ಅಲ್ಲಿ ಮೈಕು ನಿಲ್ಲಿಸಿದರೆ ಕೈಗವಸು ಕಳೆದುಕೊಂಡ ಹುಡುಗಿ ಬಿಳಿ ಎಂದದ್ದು ಆಲಿಗೆ ಕೇಳಿಸುತ್ತಿರಲಿಲ್ಲ, ಅವನು ಕಿವಿಗೆ ಕೈ ಹಿಡಿದು ಇನ್ನೊಮ್ಮೆ ಕೇಳಬೇಕಾಗುತ್ತಿತ್ತು.